ಎರಡನೆಯ ಭಾಗಕ್ಕೆ ತರಕಾರಿ

ಬೆಳಗಿನ ಜಾವ ನಾಲ್ಕೂವರೆ, ದಾದರ್ ಸ್ಟೇಷನ್ನಿನ ಮಗ್ಗುಲಲ್ಲಿ
ನಲವತ್ತು ಕಿಲೋ ಎಲೆಕೋಸು, ಹದಿನೆಂಟು ಸಿಹಿಗುಂಬಳ,
ಒಂದು ಗೋಣಿ ಮೂಲಂಗಿ.
‘ಮದುವೆಯಾ ಸೇಠ್?’ ಅಂದಳು ಚೌಗುಲೆ ಬಾಯಿ.
‘ಇಲ್ಲ ಬಾಯಿ, ಇಪ್ಪತ್ತಾರು ಕೊಲೆ.’
ಒಂದು ಕಟ್ಟು ಕೊತ್ತಂಬರಿ ಪುಕ್ಕಟೆ ಹಾಕಿದಳು.

ನನ್ನ ಕಸುಬು ಇದು. ತೆರೆಯ ಮೇಲೆ ಯಾರ ಕತ್ತು ತಿರುಚಿದರೂ
ಓಶಿವರದ ನೆಲಮಾಳಿಗೆಯಲ್ಲಿ ಮೂಲಂಗಿ ಮುರಿಯುವವನು ನಾನು.
ಹೊಟ್ಟೆ ಸೀಳಿದರೆ ಕುಂಬಳ.
ಕರುಳು ಜಾರಿದರೆ ಒದ್ದೆ ಟವೆಲ್ಲು, ನೆನೆಸಿದ ಶಾವಿಗೆ.
ಚರ್ಮ ಸುಲಿದರೆ ಬಾಳೆದಿಂಡಿನ ಪಟ್ಟೆ,
ಅದು ಕರ್ಕೇರ ಮಾಮ ಕಲಿಸಿದ್ದು.

ಹನ್ನೊಂದು ವರ್ಷದ ಹಿಂದೆ, ಮೊದಲ ಭಾಗಕ್ಕೆ,
ನಿರ್ಮಾಪಕ ತರಕಾರಿಗೆಂದು ಕೊಟ್ಟದ್ದು ಮುನ್ನೂರು ರೂಪಾಯಿ.
ಒಂದೇ ಕುಂಬಳ. ಒಂದೇ ಸಲ.
ಮಾಮ ಅದನ್ನು ಮಡಿಲಲ್ಲಿಟ್ಟುಕೊಂಡು
ಸೂಲಗಿತ್ತಿಯ ಹಾಗೆ ತಟ್ಟಿ ತಟ್ಟಿ ನೋಡಿದರು
ಮಧ್ಯಾಹ್ನವೆಲ್ಲ.
ತಪ್ಪಿದರೆ ಇನ್ನೊಂದಿಲ್ಲ.
ತಪ್ಪಲಿಲ್ಲ.
ರಾತ್ರಿ ಗುಲಾಬಿ ಮಾಮಿ ಸತ್ತವಳಿಗೆ ಒಣಸಿಗಡಿ ಹಾಕಿ
ಗಸಿ ಮಾಡಿದರು. ಗೋರೆಗಾಂವ್ ಚಾಳಿನ ಹತ್ತಡಿ ಕೋಣೆಯಲ್ಲಿ
ಆರು ಜನ ಉಂಡೆವು. ಬೀಜ ಹುರಿದುಕೊಂಡು ತಿಂದೆವು.

ಉಳಿದ ಕೊಲೆಗಳಿಗೆ ಕಾಸಿರಲಿಲ್ಲ. ಹಾಗಾಗಿ ಕೊಲೆಗಾರ
ಬಾಗಿಲಾಚೆ ಕೂತ. ಸುಮ್ಮನೆ ಕೂತ.
ಆಮೇಲೆ ಅವನು ಎದ್ದು ನಿಲ್ಲುವಾಗ ಒಂದು ಸದ್ದು ಬಂತಲ್ಲ,
ಇಡೀ ಬೊಂಬಾಯಿ ಕುರ್ಚಿಯ ಕೈ ಹಿಡಿದುಕೊಂಡ ಸದ್ದು,
ಅದನ್ನು ನಾವು ಮಾಡಲೇ ಇಲ್ಲ.
ನಾನು ಮೈಕು ಮುಚ್ಚಲು ಮರೆತಿದ್ದೆ,
ಮಾಮ ನೆಲದಿಂದ ಏಳುತ್ತಿದ್ದರು,
ಅವರ ಎಡ ಮೊಣಕಾಲು
ಕಿರ್ರ್, ತುಸು ತಡೆದು, ಟಕ್.
ಮೂವತ್ತು ವರ್ಷ ಸಿಮೆಂಟಿನ ಮೇಲೆ
ಬೇರೆಯವರ ಹೆಜ್ಜೆಗಳನ್ನು ನಡೆದ ಮೊಣಕಾಲು ಅದು.

ಈಗ ದುಡ್ಡಿಗೆ ಬರವಿಲ್ಲ.
ಗರಗಸ, ಕೊಡಲಿ, ಲಿಫ್ಟಿನ ಬಾಗಿಲು,
ಒಬ್ಬನನ್ನಂತೂ ಇಸ್ತ್ರಿಪೆಟ್ಟಿಗೆಯಿಂದ.
ಹದಿನೈದನೆಯ ಕುಂಬಳದ ಹೊತ್ತಿಗೆ ನನಗೆ ರಟ್ಟೆ ನೋವು, ಅಷ್ಟೆ.
ಕಾಲಿಟ್ಟಲ್ಲೆಲ್ಲ ತಿರುಳು. ದನಕ್ಕೂ ಹಾಕುವಂತಿಲ್ಲ,
ಕಿಟಕಿ ಒಡೆದ ದೃಶ್ಯದ ಗಾಜು ಅದರಲ್ಲಿ ಬೆರೆತಿದೆ.

‘ಬಾಗಿಲಾಚೆಯ ಆ ಸದ್ದು ಬೇಕು’ ಎಂದ ಹೊಸ ನಿರ್ದೇಶಕ.
ಹಳೆಯದನ್ನು ಬಳಸುವಂತಿಲ್ಲ, ಹಕ್ಕಿನ ವ್ಯಾಜ್ಯ ಕೋರ್ಟಿನಲ್ಲಿದೆ.
ಬೆತ್ತದ ಕುರ್ಚಿ ತಿರುಚಿದೆ, ತುಕ್ಕಿನ ಕತ್ತರಿ, ಚರ್ಮದ ಪರ್ಸು,
ಅಕ್ರೋಟನ್ನು ಹಲ್ಲಲ್ಲಿ ಕಚ್ಚಿದೆ.
ಕೊನೆಗೆ ಮೈಕು ಹೊತ್ತುಕೊಂಡು ಮೀರಾ ರೋಡಿಗೆ, ಮಗಳ ಮನೆಯಲ್ಲಿದ್ದ
ಮಾಮನ ಹತ್ತಿರ ಹೋದೆ.
ಅವರು ಉಸಿರು ಬಿಗಿಹಿಡಿದು ಸೋಫಾದ ಪಕ್ಕ ಕುಕ್ಕರುಗಾಲಲ್ಲಿ ಕೂತು
ಎದ್ದರು.
ಮತ್ತೊಮ್ಮೆ ಕೂತು ಎದ್ದರು.
ಫ್ರಿಜ್ಜಿನ ಗುಂಯ್ ಬಿಟ್ಟರೆ ಏನೂ ಇಲ್ಲ.
‘ದೀಪಾವಳಿಗೆ ಬದಲಾಯಿಸಿದರು ಮಾರಾಯಾ, ಸ್ಟೀಲಿನದು’
ಎಂದು ಮೊಣಕಾಲು ತಟ್ಟಿ ತೋರಿಸಿದರು,
ಸಾಲ ತೀರಿಸಲಾಗದವರ ಮುಖದಲ್ಲಿ. ‘ನೋವಂತೂ ಇಲ್ಲ.’

ಶುಕ್ರವಾರ, ಬೋರಿವಲಿ, ಮೊದಲ ಆಟ.
ಪ್ರತಿ ಕೊಲೆಗೂ ಸೀಟಿ. ಹಿಂದಿನ ಸಾಲಿನ ಹುಡುಗನೊಬ್ಬ
ಕ್ರಿಕೆಟ್ ರನ್ನಿನಂತೆ ಎಣಿಸುತ್ತಿದ್ದ, ಹನ್ನೆರಡಾದ ಮೇಲೆ
ಅವನೂ ಬಿಟ್ಟು ಫೋನು ತೆಗೆದ.
ಬಾಗಿಲ ದೃಶ್ಯ ಬಂತು. ನನ್ನ ಅಕ್ರೋಟು ಬಂತು.
ಅದೇ ಹೊತ್ತಿಗೆ ಯಾರೋ ಚಿಪ್ಸ್ ಪೊಟ್ಟಣ ಹರಿದರು,
ನಿಜ ಹೇಳುತ್ತೇನೆ, ನನ್ನದಕ್ಕಿಂತ ಅದೇ ಚೆನ್ನಾಗಿತ್ತು.

ಕಲೆಕ್ಷನ್ ಭರ್ಜರಿಯಂತೆ. ಮೂರನೆಯದಕ್ಕೆ ಮುಂಗಡ ಬಂದಿದೆ.

ಭಾನುವಾರ ಮಾಮನ ಫೋನು.
‘ಹೇಗಾಗಿದೆ? ಮೊದಲಿನದರ ಹತ್ತಿರ ಬರ್ತದಾ?’
ಏನೇನೋ ಹೇಳಿದೆ. ಹೂಂಗುಟ್ಟಿದರು.
‘ಕುಂಬಳ ಏನು ಮಾಡಿದಿರಿ?’
‘ಎಸೆದೆವು ಮಾಮ.’
‘ಎಷ್ಟು?’
‘ಹದಿನೆಂಟು.’
ಅತ್ತ ಬಹಳ ಹೊತ್ತು ಸದ್ದಿಲ್ಲ.
ನಾನು ಕುರ್ಚಿಯ ಕೈ ಹಿಡಿದುಕೊಂಡೆ.